ಹಳೆಯ ಅಲ್ಯೂಮಿನಿಯಂ ದೋಣಿ, ಮನೆಮಂದಿ, ಮೀನು: ಮಿನೆಸೋಟದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ಕಡೆಯವನು. ಬಹಳ ವರ್ಷದಿಂದ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ಹತ್ತಿರ ಇದ್ದೇನೆ. ಏಳು ವರ್ಷದ ಹಿಂದೆ 14 ಅಡಿಯ ಒಂದು ಅಲ್ಯೂಮಿನಿಯಂ ದೋಣಿ ಕೊಂಡೆ. ಅದು 1974ರದ್ದು, ನನಗಿಂತ ಹಿರಿಯದು. ಅಂದಿನಿಂದ ಕನ್ನಡದ ಗೆಳೆಯರು ಸಿಕ್ಕಾಗಲೆಲ್ಲ ಅದರ ಬಗ್ಗೆ ಕೇಳುತ್ತಾರೆ. ಯುಗಾದಿ ಊಟದ ಸಾಲಿನಲ್ಲಿ ನಿಂತಾಗಲೂ ಕೇಳಿದ್ದಾರೆ. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಕಾನೂನಿನ ಮಾತು ಬಂದಲ್ಲೆಲ್ಲ ಅದು ಮಿನೆಸೋಟ ರಾಜ್ಯದ್ದು. ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನ ನಿಯಮ ನೋಡಿಕೊಳ್ಳಿ.

ಹೊಸ ದೋಣಿ ಬಿಟ್ಟು ಹಳೆಯದನ್ನು ಯಾಕೆ ಕೊಂಡಿರಿ?

ಮಕ್ಕಳಿಗೋಸ್ಕರ. ಗೆಳೆಯರೊಬ್ಬರ ಹೊಸ ಫೈಬರ್ ದೋಣಿಯಲ್ಲಿ ಒಮ್ಮೆ ಹೋಗಿದ್ದೆವು. ಒಳಗೆಲ್ಲ ಕಾರ್ಪೆಟ್, ಮೆತ್ತನೆಯ ಸೀಟು. ಮಗಳಿಗೆ ಆಗ ಐದು ವರ್ಷ. ಅವಳ ಕೈಯಲ್ಲಿ ಎರೆಹುಳುವಿನ ಡಬ್ಬಿ. ದಿನವಿಡೀ "ಚೆಲ್ಲಬೇಡ, ಮುಟ್ಟಬೇಡ, ಹತ್ತಬೇಡ" ಅನ್ನುವುದೇ ನಮ್ಮ ಕೆಲಸವಾಯಿತು. ಗೆಳೆಯರು ಏನೂ ಅನ್ನಲಿಲ್ಲ, ಪಾಪ. ಆದರೂ ನಮಗೆ ಸಂಕೋಚ.

ನಮ್ಮ ದೋಣಿಯಲ್ಲಿ ಬೇಡ ಅನ್ನುವಂಥದ್ದು ಕಡಿಮೆ. ಕೆಸರು ಕಾಲಲ್ಲಿ ಹತ್ತಬಹುದು. ಹುಟ್ಟು ಹಾಕಲು ಹೋಗಿ ಜೆಟ್ಟಿಗೆ ಗುದ್ದಿದರೆ ಇರುವ ನೂರು ತಗ್ಗಿನ ಜೊತೆ ಇನ್ನೊಂದು ಸೇರುತ್ತದೆ, ಅಷ್ಟೇ. ದೋಣಿ, ಅದನ್ನು ಕಾರಿನ ಹಿಂದೆ ಎಳೆದೊಯ್ಯುವ ಟ್ರೇಲರ್, ಮೋಟರ್ ಮೂರಕ್ಕೂ ಸೇರಿ ನಾನು ಕೊಟ್ಟಿದ್ದು 1,400 ಡಾಲರ್. ಸಾಲವಿಲ್ಲ. ಒಂದು ವಾರ ದೋಣಿ ಇಳಿಸದಿದ್ದರೆ ದುಡ್ಡು ದಂಡ ಅನ್ನುವ ಚಿಂತೆಯೂ ಇಲ್ಲ. ದೋಣಿಗಿಂತ ಮಕ್ಕಳ ಕಡೆ ಗಮನ ಇಡಬಹುದು.

ಐವತ್ತು ವರ್ಷದ ದೋಣಿ ಇನ್ನೂ ಗಟ್ಟಿ ಇರುತ್ತದಾ?

ಇರುತ್ತದೆ. ಅಲ್ಯೂಮಿನಿಯಂ ಮೇಲೆ ಗಾಳಿ ತಾಗುತ್ತಿದ್ದ ಹಾಗೆ ತೆಳುವಾದ ಆಕ್ಸೈಡ್ ಪದರ ಕೂರುತ್ತದೆ. ಅದೇ ಒಳಗಿನ ಲೋಹವನ್ನು ಕಾಯುತ್ತದೆ. ಮಿನೆಸೋಟದ ನೀರೆಲ್ಲ ಸಿಹಿನೀರು, ಉಪ್ಪಿನ ಕಾಟವಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ವಿಮಾನಕ್ಕೆ ಬಳಸುತ್ತಿದ್ದ ಅಲ್ಯೂಮಿನಿಯಂ ಮತ್ತು ತಗಡು ಜೋಡಿಸುವ ರಿವಿಟ್ ಮೊಳೆಯ ಕೆಲಸ ಎರಡೂ ದೋಣಿಗೆ ಬಂದವು. ವಿಮಾನ ಮಾಡುತ್ತಿದ್ದ ಗ್ರಮ್ಮನ್ ಕಂಪನಿಯೇ ಅಲ್ಯೂಮಿನಿಯಂ ಕನೂ, ಅಂದರೆ ಹುಟ್ಟು ಹಾಕುವ ಕಿರಿದಾದ ದೋಣಿ, ಮಾಡತೊಡಗಿತು. ಮಿನೆಸೋಟದಲ್ಲಿ 1946ರಲ್ಲಿ ಆಲ್ಯೂಮಾಕ್ರಾಫ್ಟ್ ಎಂಬ ದೋಣಿ ಕಂಪನಿ ಶುರುವಾಯಿತು. 1948ರಲ್ಲಿ ಹೋವರ್ಡ್ ಲಂಡ್ ಎಂಬುವರು ನ್ಯೂಯಾರ್ಕ್ ಮಿಲ್ಸ್ ಎಂಬ ಸಣ್ಣ ಊರಿನಲ್ಲಿ ತಮಗೆಂದು ಒಂದು ದೋಣಿ ಮಾಡಿಕೊಂಡರು. ಅದೇ ಲಂಡ್ ದೋಣಿಗಳ ಮೂಲ. ಹಾಗಾಗಿ ಇಲ್ಲಿ ಹಳೆಯ ದೋಣಿಗಳಿಗೆ ಬರವಿಲ್ಲ. ಹಳ್ಳಿ ರಸ್ತೆಯಲ್ಲಿ ಹೋದರೆ ಕೊಟ್ಟಿಗೆಯ ಪಕ್ಕ ಬೋರಲು ಹಾಕಿರುವ ಒಂದಾದರೂ ಕಾಣುತ್ತದೆ.

ಕೊಳ್ಳುವಾಗ ಮೊದಲು ಏನು ನೋಡಬೇಕು?

ಮೋಟರ್ ಕೂರುವ ಹಿಂಬದಿ ಹಲಗೆ. ಇಲ್ಲಿ ಅದಕ್ಕೆ ಟ್ರಾನ್ಸಮ್ ಅನ್ನುತ್ತಾರೆ. ಹೊರಗೆ ಲೋಹ, ಒಳಗೆ ಪ್ಲೈವುಡ್. ಹಳೆಯ ದೋಣಿಯಲ್ಲಿ ಮೊದಲು ಕೊಳೆಯುವುದು ಅದೇ. ಮೋಟರಿನ ಕೆಳಭಾಗ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಹಿಂಬದಿ ಬಾಗಿದರೆ ಮರ ಹೋಗಿದೆ ಎಂದು ಅರ್ಥ. ಕಾಣುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಬೆಣ್ಣೆಯ ಹಾಗೆ ಇಳಿದರೆ ಬೆಲೆ ಇಳಿಸಿ, ಇಲ್ಲವೇ ಬಿಟ್ಟುಬಿಡಿ.

ಆಮೇಲೆ ಸೀಟಿನ ಕೆಳಗಿನ ಫೋಮ್. ದೋಣಿಯಲ್ಲಿ ನೀರು ತುಂಬಿಕೊಂಡರೂ ಮುಳುಗದ ಹಾಗೆ ತೇಲಿಸುವುದು ಅದು. ಹಳೆಯ ಫೋಮ್ ನೀರು ಹೀರಿ ಕಲ್ಲಿನಂತೆ ಭಾರವಾಗಿರುತ್ತದೆ. ಹಾಗಿದ್ದರೆ ತೆಗೆದು ನೀರು ಹೀರದ ಫೋಮ್ ಹಾಕಿ. ತೆಗೆದು ಖಾಲಿ ಬಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಕಾಗದಪತ್ರ ಸುಲಭ. 16 ಅಡಿಯವರೆಗಿನ ದೋಣಿಗೆ ಮಿನೆಸೋಟದಲ್ಲಿ ಟೈಟಲ್, ಅಂದರೆ ಒಡೆತನದ ಪತ್ರ, ಬೇಕಿಲ್ಲ. ಆದರೆ ರಿಜಿಸ್ಟ್ರೇಶನ್ ಬೇಕು, ಮೂರು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಮಾರುವವರ ಸಹಿ ಇರುವ ಕಾರ್ಡ್ ಕೈಗೆ ಬಂದ ಮೇಲೆ ದುಡ್ಡು ಕೊಡಿ. ಟ್ರೇಲರ್ ಕಾರ್ಡನ್ನೂ ಮರೆಯಬೇಡಿ.

ದೋಣಿ ಸೋರುತ್ತದೆ. ಬಿಸಾಡಬೇಕಾ?

ಬೇಡ. ರಿವಿಟ್ ದೋಣಿ ಸ್ವಲ್ಪ ಸೋರುವುದು ಸಹಜ. ವರ್ಷಗಟ್ಟಲೆ ಅಲೆಗೆ ಬಡಿಸಿಕೊಂಡು ರಿವಿಟ್ ಸಡಿಲವಾಗಿರುತ್ತದೆ.

ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಅದನ್ನು ಕೆರೆಗೆ ಒಯ್ಯಬೇಕಿಲ್ಲ. ಟ್ರೇಲರ್ ಮೇಲೇ ಇಟ್ಟು, ಹಿಂಬದಿಯ ತೂತಿಗೆ ಪ್ಲಗ್ ಹಾಕಿ, ಒಳಗೆ ಮೂರು ನಾಲ್ಕು ಇಂಚು ನೀರು ಬಿಡಿ. ಜಾಸ್ತಿ ಬೇಡ, ನೀರಿನ ಭಾರಕ್ಕೆ ಟ್ರೇಲರ್ ನಲುಗುತ್ತದೆ. ಕೆಳಗೆ ಮಲಗಿ ನೋಡಿ. ಹನಿ ಕಂಡಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ. ನಮ್ಮಲ್ಲಿ ಈ ಕೆಲಸ ಮಗಳದು. ಅವಳು ಹದಿಮೂರು ಗುರುತು ಹಾಕಿದ್ದಳು. ನನಗೆ ಒಂಬತ್ತು ಕಂಡಿತ್ತು. ಅವಳದೇ ಸರಿ.

ರಿವಿಟ್ ಬಿಗಿ ಮಾಡಲು ಇಬ್ಬರು ಬೇಕು. ಹೊರಗೆ ಒಬ್ಬರು ರಿವಿಟ್ ತಲೆಗೆ ಭಾರದ ಕಬ್ಬಿಣ ಒತ್ತಿ ಹಿಡಿಯಬೇಕು, ಒಳಗಿನಿಂದ ಇನ್ನೊಬ್ಬರು ಸುತ್ತಿಗೆಯಲ್ಲಿ ಬಡಿಯಬೇಕು. ನನ್ನ ಹೆಂಡತಿ ಹೊರಗೆ, ನಾನು ಒಳಗೆ. ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಆಮೇಲೂ ಜಿನುಗಿದರೆ ಬಿರುಕಿಗೆ ತಾನೇ ಇಳಿಯುವ ತೆಳು ಮರೈನ್ ಎಪಾಕ್ಸಿ ಅಂಟು ಸಿಗುತ್ತದೆ. ಜಾಗವನ್ನು ಚೆನ್ನಾಗಿ ತಿಕ್ಕಿ, ಒಣಗಿಸಿ, ಒಳಗಿನಿಂದ ಬಳಿಯಿರಿ. ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಬೇಡ, ಒಂದೇ ಬೇಸಿಗೆಗೆ ಕಿತ್ತು ಬರುತ್ತದೆ. ರಿವಿಟ್ ಪೂರ್ತಿ ಹೋಗಿದ್ದರೆ ಒಂದೇ ಬದಿಯಿಂದ ಹಾಕುವ ಪಾಪ್ ರಿವಿಟ್ ಹಾಕಿ, ಅದರಲ್ಲೂ ತುದಿ ಮುಚ್ಚಿರುವ ಜಾತಿಯದು. ಸಾಮಾನ್ಯ ಪಾಪ್ ರಿವಿಟ್‌ಗೆ ನಡುವೆ ತೂತು ಇರುತ್ತದೆ, ಅಲ್ಲಿಂದಲೇ ನೀರು ಬರುತ್ತದೆ.

ಕೊಳೆತ ಹಲಗೆಗೆ ಯಾವ ಪ್ಲೈವುಡ್ ಹಾಕಲಿ?

ಮರೈನ್ ಪ್ಲೈವುಡ್ ಅಥವಾ ಒಳ್ಳೆಯ ಹೊರಾಂಗಣ ಪ್ಲೈವುಡ್. ಎಲ್ಲ ಅಂಚಿಗೂ ಎಪಾಕ್ಸಿ ಬಳಿಯಿರಿ. ಅಂಗಡಿಯವರು "ಇದು ಕೊಳೆಯುವುದೇ ಇಲ್ಲ" ಎಂದು ಹಸಿರು ಬಣ್ಣದ ಮರ ತೋರಿಸಬಹುದು. ಅದಕ್ಕೆ ಔಷಧಿ ಕುಡಿಸಿರುತ್ತಾರೆ, ಆ ಔಷಧಿಯಲ್ಲಿ ತಾಮ್ರ ಇರುತ್ತದೆ. ಒದ್ದೆಯಲ್ಲಿ ತಾಮ್ರ ಅಲ್ಯೂಮಿನಿಯಂಗೆ ತಾಗಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಇದೇ ಕಾರಣಕ್ಕೆ ತಾಮ್ರದ ಲೇಪ ಇರುವ ಒಂದು ಸೆಂಟಿನ ನಾಣ್ಯ ದೋಣಿಯ ತಳದಲ್ಲಿ ಬಿದ್ದಿದ್ದರೆ ಕೂಡಲೇ ಹೆಕ್ಕಿ. ಬೋಲ್ಟು ಸ್ಟೇನ್‌ಲೆಸ್ ಇರಲಿ.

ಹಳೆಯ ಮೋಟರ್ ನಂಬಬಹುದಾ?

ನೋಡಿಕೊಂಡರೆ ನಂಬಬಹುದು. ನಮ್ಮದು 9.9 ಹಾರ್ಸ್‌ಪವರಿನ ಎರಡು ಸ್ಟ್ರೋಕಿನದು. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು: 50 ಪಾಲಿಗೆ 1 ಪಾಲು. ಇನ್ನೂ ಹಳೆಯ ಕೆಲವಕ್ಕೆ 24ಕ್ಕೆ 1 ಬೇಕು. ಆ ಮೋಟರಿನ ಕೈಪಿಡಿ ಹುಡುಕಿ ಖಚಿತ ಮಾಡಿಕೊಳ್ಳಿ. ಇಲ್ಲಿನ ಮಾಮೂಲಿ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಎಥನಾಲ್ ಇಲ್ಲದ ಪ್ರೀಮಿಯಂ ಬಹಳ ಬಂಕುಗಳಲ್ಲಿ ಸಿಗುತ್ತದೆ. ನಾಲ್ಕು ಕಾಸು ಜಾಸ್ತಿ, ಆದರೆ ಕಾರ್ಬ್ಯುರೇಟರ್ ಚೆನ್ನಾಗಿರುತ್ತದೆ.

ಮೋಟರ್ ಓಡುವಾಗ ಹಿಂದಿನಿಂದ ಸಣ್ಣ ನೀರಿನ ಧಾರೆ ಬರಬೇಕು. ಬರದಿದ್ದರೆ ಆ ಕ್ಷಣವೇ ನಿಲ್ಲಿಸಿ. ಮೋಟರನ್ನು ತಂಪಾಗಿಡುವ ಪಂಪಿನಲ್ಲಿ ರಬ್ಬರಿನ ಸಣ್ಣ ಚಕ್ರ ಇರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕು. ಕೆಳಗಿನ ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಮೋಟರ್ ಎಷ್ಟೇ ಒಳ್ಳೆಯದಿರಲಿ, ಒಂದು ಜೊತೆ ಹುಟ್ಟು ಇಲ್ಲದೆ ನಾನು ದಡ ಬಿಡುವುದಿಲ್ಲ.

ಮಕ್ಕಳಿಗೆ ನಾನು ಹೇಳುವ ಕಥೆಯೊಂದಿದೆ. ವಿಸ್ಕಾನ್ಸಿನ್‌ನ ಒಕೌಚೀ ಕೆರೆಯಲ್ಲಿ ಓಲೆ ಎವಿನ್‌ರೂಡ್ ಎಂಬ ನಾರ್ವೆ ಮೂಲದ ಯುವಕ ತಾನು ಮೆಚ್ಚಿದ ಬೆಸ್‌ಗೆ ಐಸ್‌ಕ್ರೀಮ್ ತರಲು ದೋಣಿಗೆ ಹುಟ್ಟು ಹಾಕಿಕೊಂಡು ಹೋದನಂತೆ. ಬರುವಷ್ಟರಲ್ಲಿ ಐಸ್‌ಕ್ರೀಮ್ ಕರಗಿತ್ತಂತೆ. ದೋಣಿಗೆ ಮೋಟರ್ ಮಾಡುವ ಯೋಚನೆ ಬಂದದ್ದು ಆಗಲಂತೆ. 1909ರಲ್ಲಿ ಅವನ ಔಟ್‌ಬೋರ್ಡ್ ಮೋಟರ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಮೋಟರ್, ಮಾರಾಟಕ್ಕೆ ಬಂತು. ಅಷ್ಟರಲ್ಲಿ ಅವನನ್ನು ಮದುವೆಯಾಗಿದ್ದ ಬೆಸ್ ವ್ಯಾಪಾರದ ಲೆಕ್ಕಾಚಾರ ನೋಡಿಕೊಂಡಳು. ಎವಿನ್‌ರೂಡ್ ಮೋಟರ್ ತಯಾರಿಕೆ 2020ರಲ್ಲಿ ನಿಂತಿತು. ಹಳೆಯವು ಇನ್ನೂ ಓಡುತ್ತಿವೆ.

14 ಅಡಿ ದೋಣಿಯಲ್ಲಿ ಎಷ್ಟು ಜನ?

1972ರ ನವೆಂಬರ್ ನಂತರ ತಯಾರಾದ 20 ಅಡಿ ಒಳಗಿನ ಮೋಟರ್ ದೋಣಿಗಳಲ್ಲಿ ಒಂದು ಫಲಕ ಇರುತ್ತದೆ. ಎಷ್ಟು ಜನ, ಎಷ್ಟು ತೂಕ, ಎಷ್ಟು ಹಾರ್ಸ್‌ಪವರ್ ಎಂದು ಅದರಲ್ಲಿ ಬರೆದಿರುತ್ತದೆ. ಅದಕ್ಕಿಂತ ಹಳೆಯದಾದರೆ ಅಡಿಯಲ್ಲಿ ಉದ್ದ ಮತ್ತು ಅಗಲವನ್ನು ಗುಣಿಸಿ 15ರಿಂದ ಭಾಗಿಸಿ. 14 ಉದ್ದ, 5 ಅಗಲ ಎಂದರೆ 70. ಭಾಗಿಸಿದರೆ ನಾಲ್ಕು ಚಿಲ್ಲರೆ. ಅಂದರೆ ನಾಲ್ಕು ಜನ. ಅದೂ ಗಾಳಿ ಇಲ್ಲದ ದಿನ. ನೆಂಟರು ಬಂದಿದ್ದಾರೆ ಎಂದು ಐದನೆಯವರನ್ನು ಹತ್ತಿಸಬೇಡಿ, ಎರಡು ಸುತ್ತು ಹೋಗಿ ಬನ್ನಿ.

ಈಜು ಬರುತ್ತದೆ. ಲೈಫ್ ಜಾಕೆಟ್ ಬೇಕೇ ಬೇಕಾ?

ಬೇಕು. ದೋಣಿಯಲ್ಲಿ ಇರುವ ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಒಂದು ಇರಲೇಬೇಕು, ಇದು ಕಾನೂನು. ಹತ್ತು ವರ್ಷದೊಳಗಿನ ಮಕ್ಕಳು ದೋಣಿ ಸಾಗುವಾಗ ತೊಟ್ಟಿರಲೇಬೇಕು. ನಮ್ಮ ಮನೆಯ ನಿಯಮ ಇದಕ್ಕಿಂತ ಬಿಗಿ: ಜೆಟ್ಟಿಗೆ ಕಾಲಿಡುವ ಮೊದಲೇ ಎಲ್ಲರೂ ತೊಡಬೇಕು, ನಾನೂ ಸೇರಿ.

ತುಂಗಾ ನದಿಯಲ್ಲಿ ಈಜಿ ಬೆಳೆದವನು ನಾನು. ಆದರೆ ಇಲ್ಲಿ ಮೇ ತಿಂಗಳ ನೀರು ಬೇರೆಯೇ. ಮಂಜು ಕರಗಿ ಕೆಲವೇ ವಾರ ಆಗಿರುತ್ತದೆ, ನೀರು 10 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬಿದ್ದ ಕೂಡಲೇ ಉಸಿರು ಸಿಕ್ಕಿಕೊಳ್ಳುತ್ತದೆ, ಕೆಲವು ನಿಮಿಷದಲ್ಲಿ ಕೈ ಬೆರಳು ಮಾತು ಕೇಳುವುದಿಲ್ಲ. ಅಲ್ಲಿ ಈಜು ಬರುತ್ತದೋ ಇಲ್ಲವೋ ಲೆಕ್ಕಕ್ಕೆ ಬರುವುದಿಲ್ಲ. ಗುಡುಗು ಕೇಳಿಸಿದರೆ ತಡಮಾಡದೆ ದಡ ಸೇರಿ. ಲಂಗರನ್ನು ಯಾವತ್ತೂ ದೋಣಿಯ ಮುಂಭಾಗಕ್ಕೇ ಕಟ್ಟಿ. ಹಿಂದೆ ಕಟ್ಟಿದರೆ ಅಲೆ ಒಳಗೆ ನುಗ್ಗುತ್ತದೆ.

ಗಾಳ ಹಾಕಲು ಯಾರಿಗೆಲ್ಲ ಲೈಸೆನ್ಸ್ ಬೇಕು?

ಇಲ್ಲಿ ವಾಸವಿರುವ 15 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಬೇಡ. ದೊಡ್ಡವರಿಗೆ ಬೇಕು, ಆನ್‌ಲೈನಿನಲ್ಲೇ ಸಿಗುತ್ತದೆ. ವರ್ಷಕ್ಕೆ ಎರಡು ಒಳ್ಳೆಯ ಅವಕಾಶ ಇವೆ. ಮೇ ತಿಂಗಳ ತಾಯಂದಿರ ದಿನದ ವಾರಾಂತ್ಯ ಇಲ್ಲಿನ ನಿವಾಸಿ ತಾಯಂದಿರು ಲೈಸೆನ್ಸ್ ಇಲ್ಲದೆ ಗಾಳ ಹಾಕಬಹುದು. ಜೂನ್‌ನಲ್ಲಿ ಒಂದು ವಾರಾಂತ್ಯ, ಮಕ್ಕಳನ್ನು ಕರೆದುಕೊಂಡು ಹೋಗುವ ದೊಡ್ಡವರಿಗೂ ಬೇಕಿಲ್ಲ. ಇಷ್ಟವಾಗುತ್ತದೋ ಇಲ್ಲವೋ ಎಂದು ನೋಡಲು ಅದು ಒಳ್ಳೆಯ ಸಮಯ. ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ಗಾಳ, ನೆನಪಿರಲಿ.

ದೋಣಿ ನಡೆಸುವುದಕ್ಕೆ ಬೇರೆ ನಿಯಮ. 2025ರ ಜುಲೈ 1ರಿಂದ ಕಿರಿಯರು ಮೋಟರ್ ದೋಣಿ ನಡೆಸಬೇಕಾದರೆ ಪರ್ಮಿಟ್ ಬೇಕು. ವರ್ಷ ಕಳೆದಂತೆ ಇದು ದೊಡ್ಡ ವಯಸ್ಸಿನವರಿಗೂ ಬರುತ್ತಿದೆ.

ಮಕ್ಕಳಿಗೆ ಮೊದಲು ಯಾವ ಮೀನು ಹಿಡಿಸಬೇಕು?

ಸನ್‌ಫಿಶ್. ಅದರಲ್ಲೂ ಬ್ಲೂಗಿಲ್. ಅಂಗೈಯಗಲದ ಮೀನು, ಕಿತ್ತಳೆ ಹೊಟ್ಟೆ, ಕಿವಿಯ ಹತ್ತಿರ ಕಪ್ಪು ಮಚ್ಚೆ. ಮೇ ಕೊನೆಯಿಂದ ಜೂನ್‌ವರೆಗೆ ಇವು ದಡದ ಹತ್ತಿರ ಎರಡು ಮೂರು ಅಡಿ ನೀರಿನಲ್ಲಿ ತಟ್ಟೆಯಂಥ ಗೂಡು ಮಾಡಿ ಮೊಟ್ಟೆ ಇಡುತ್ತವೆ. ದೋಣಿಯಿಂದ ಬಗ್ಗಿ ನೋಡಿದರೆ ತಳದಲ್ಲಿ ಗೂಡು ಕಾಣುತ್ತದೆ. ಮಗನಿಗೆ ಹಿಡಿಯುವುದಕ್ಕಿಂತ ಈ ಗೂಡು ಎಣಿಸುವುದೇ ಇಷ್ಟ.

ಸಾಮಾನು ಏನೂ ಬೇಡ. ಚಿಕ್ಕ ಗಾಳ, ಮೇಲೆ ಒಂದು ಬೆಂಡು, ಒಂದು ತುಂಡು ಎರೆಹುಳು. ಊರಲ್ಲಿ ಬಾಳೆಬುಡ ಅಗೆದು ಎರೆಹುಳು ತೆಗೆಯುತ್ತಿದ್ದೆವಲ್ಲ, ಇಲ್ಲಿ ಅದನ್ನು ಫ್ರಿಜ್ಜಿನಲ್ಲಿಟ್ಟು ಮಾರುತ್ತಾರೆ. ಬೆಂಡು ಮುಳುಗಿದ ಕೂಡಲೇ ಮಕ್ಕಳು ಕೂಗುವ ಕೂಗು ಎಲ್ಲ ಊರಿನಲ್ಲೂ ಒಂದೇ. ಭಾರಕ್ಕೆ ಸೀಸದ ಗುಂಡು ಬೇಡ, ತವರದ್ದೋ ಉಕ್ಕಿನದೋ ತೆಗೆದುಕೊಳ್ಳಿ. ಇಲ್ಲಿನ ರಾಜ್ಯಪಕ್ಷಿ ಲೂನ್ ಸೀಸ ನುಂಗಿ ಸಾಯುತ್ತದೆ. ಸಂಜೆ ಅದರ ಕೂಗು ಒಮ್ಮೆ ಕೇಳಿದವರು ಸೀಸ ಕೊಳ್ಳುವುದಿಲ್ಲ.

ಮೊದಲ ಕೆಲವು ಸಲ ಒಂದೂವರೆ ಗಂಟೆಗಿಂತ ಜಾಸ್ತಿ ಕೂರಿಸಬೇಡಿ. ನೀವು ಗಾಳ ಹಾಕುವ ಆಸೆ ಬಿಡಿ. ಮೊದಲ ವರ್ಷ ನನ್ನ ಕೈಗೆ ಗಾಳ ಬಂದದ್ದೇ ಕಡಿಮೆ: ಗಂಟು ಬಿಡಿಸು, ಹುಳು ಹಾಕು, ಮೀನು ಬಿಡಿಸು. ತಿಂಡಿ ಮಾತ್ರ ಜಾಸ್ತಿ ಇರಲಿ. ನಮ್ಮಲ್ಲಿ ಮಂಡಕ್ಕಿ ಮತ್ತು ಚಪಾತಿ ಸುರುಳಿ. ಕಾಲಡಿಗೆ ರಬ್ಬರ್ ಚಾಪೆ ಹಾಸಿ. ಅಲ್ಯೂಮಿನಿಯಂ ತಳಕ್ಕೆ ಏನು ಬಿದ್ದರೂ ನೀರಿನೊಳಗೆ ಸದ್ದು ದೂರ ಹೋಗುತ್ತದೆ. ಬಿಸಿಲಿಗೆ ಸೀಟು ಸುಡುತ್ತದೆ, ಮೆತ್ತೆ ಬೇಕು.

ಎಲ್ಲರೂ ಹೇಳುವ ವಾಲ್‌ಐ ಮೀನು ಹಿಡಿಯುವುದು ಯಾವಾಗ?

ಸಂಜೆ. ಅದರ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತದೆ, ಮಂದ ಬೆಳಕಿನಲ್ಲೂ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಸೂರ್ಯ ಮುಳುಗುವ ಮುಂಚೆ ಒಂದು ಗಂಟೆ, ಮುಳುಗಿದ ಮೇಲೆ ಒಂದು ಗಂಟೆ. ಜೂನ್‌ನಲ್ಲಿ ಇಲ್ಲಿ ಕತ್ತಲಾಗುವುದೇ ರಾತ್ರಿ ಒಂಬತ್ತೂವರೆ ಹೊತ್ತಿಗೆ, ಚಿಕ್ಕ ಮಕ್ಕಳು ಅಷ್ಟರಲ್ಲಿ ತೂಕಡಿಸುತ್ತಾರೆ. ಸುಮ್ನೆ ಇನ್ನೆರಡು ವರ್ಷ ಕಾಯಿರಿ.

ಊರಿನಿಂದ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಬಹುದಾ?

ಖಂಡಿತ ಕರೆದುಕೊಂಡು ಹೋಗಿ. ಗಾಳ ಹಿಡಿಯುವುದಾದರೆ ಅವರಿಗೆ ಹೊರಗಿನವರ ಲೈಸೆನ್ಸ್ ಬೇಕು. 24 ಗಂಟೆಯದು, 72 ಗಂಟೆಯದು, ಏಳು ದಿನದ್ದು ಸಿಗುತ್ತದೆ. ಸುಮ್ನೆ ಕೂತು ಬರಲು ಏನೂ ಬೇಡ. ಬೆನ್ನಿಗೆ ಒರಗು ಇರುವ ಮಡಚುವ ಸೀಟೊಂದನ್ನು ನಡುವಿನ ಹಲಗೆಗೆ ಬಿಗಿಯಿರಿ. ಹತ್ತಿಸುವಾಗ ದೋಣಿಯನ್ನು ಜೆಟ್ಟಿಗೆ ಎರಡು ಕಡೆ ಕಟ್ಟಿ, ಕಾಲನ್ನು ನಡುಮಧ್ಯೆ ಇಡಿಸಿ.

ಅಮ್ಮ ಮೊದಲ ಸಲ ಬಂದಾಗ ಹತ್ತಲು ಒಪ್ಪಲಿಲ್ಲ. "ಇದೆಂಥದೋ ಮಾರಾಯ, ಪಾತ್ರೆ ಬಡಿದ ಹಾಗೆ ಸದ್ದು ಮಾಡ್ತದೆ" ಅಂದರು. ಎರಡು ದಿನ ದಡದಲ್ಲೇ ಕೂತು ಮೊಮ್ಮಕ್ಕಳನ್ನು ನೋಡಿದರು. ಮೂರನೇ ದಿನ ತಾವೇ ಸೀರೆ ಎತ್ತಿ ಕಟ್ಟಿ, ಲೈಫ್ ಜಾಕೆಟ್ ಕೇಳಿದರು. ಮಳೆಗಾಲದ ಮೊದಲ ನೀರಿಗೆ ಹೊಳೆಯಿಂದ ಗದ್ದೆಗೆ ಹತ್ತುಮೀನು ಬರುವುದು, ಅಜ್ಜ ಮೀನು ಹಿಡಿಯುವ ಕೂಣಿ ಇಟ್ಟು ರಾತ್ರಿಯೆಲ್ಲ ಕಾಯುತ್ತಿದ್ದುದು, ಎಲ್ಲ ದೋಣಿಯಲ್ಲಿ ಕೂತು ಹೇಳಿದರು. ನಾನೂ ಅದನ್ನು ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಟಿವಿ ಇರುತ್ತದೆ, ಫೋನ್ ಇರುತ್ತದೆ. ದೋಣಿಯಲ್ಲಿ ಎದುರಿಗೆ ಕೂತವರ ಮುಖ ಬಿಟ್ಟರೆ ನೀರು, ಅಲ್ವಾ?

ನಾವು ಸಸ್ಯಾಹಾರಿಗಳು. ಹಿಡಿದು ಬಿಡಬಹುದಲ್ಲ?

ಬಿಡಬಹುದು, ಬಹಳ ಜನ ಬಿಡುತ್ತಾರೆ. ಆದರೆ ಬಿಟ್ಟ ಮೀನೆಲ್ಲ ಬದುಕುವುದಿಲ್ಲ ಎಂಬುದು ಗೊತ್ತಿರಲಿ. ಗಾಳದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿ. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿ, ಇಲ್ಲದಿದ್ದರೆ ಅದರ ಮೈಯ ಲೋಳೆ ಹೋಗುತ್ತದೆ. ಗಾಳ ಗಂಟಲಿಗೆ ಇಳಿದಿದ್ದರೆ ಎಳೆಯಬೇಡಿ, ದಾರ ಕತ್ತರಿಸಿ ಬಿಡಿ. ಆಳದಿಂದ ಎಳೆದ ಮೀನು ಬದುಕುವುದು ಕಷ್ಟ. ನನ್ನ ಅಭಿಪ್ರಾಯ ಕೇಳಿದರೆ, ತಿನ್ನದವರು ಐದಾರಕ್ಕೆ ನಿಲ್ಲಿಸುವುದು ಒಳ್ಳೆಯದು. ಅಥವಾ ಗಾಳವಿಲ್ಲದೆಯೂ ಬನ್ನಿ. ನಮ್ಮ ಪಕ್ಕದ ಮನೆಯ ಕನ್ನಡ ಕುಟುಂಬ ಬೈನಾಕ್ಯುಲರ್ ಹಿಡಿದು ಲೂನ್ ಮರಿಗಳನ್ನು ನೋಡಲೆಂದೇ ಬರುತ್ತದೆ.

ಇಲ್ಲಿನ ಮೀನು ನಮ್ಮ ಅಡುಗೆಗೆ ಹೊಂದುತ್ತದಾ?

ಚೆನ್ನಾಗಿ ಹೊಂದುತ್ತದೆ. ಬ್ಲೂಗಿಲ್ಲನ್ನು ಇಲ್ಲಿಯವರು ಮುಳ್ಳು ತೆಗೆದು ಎರಡು ಸಣ್ಣ ತುಂಡು ಮಾಡುತ್ತಾರೆ. ನಾವು ಇಡಿಯಾಗಿಯೇ ಹುರುಪೆ ತೆಗೆದು, ಎರಡು ಬದಿ ಗೀರಿ, ಖಾರದ ಪುಡಿ, ಅರಿಶಿನ, ಬೆಳ್ಳುಳ್ಳಿ, ಹುಣಸೆರಸ ಹಚ್ಚಿ ಅರ್ಧ ಗಂಟೆ ಬಿಡುತ್ತೇವೆ. ರವೆಯಲ್ಲಿ ಹೊರಳಿಸಿ ಕಬ್ಬಿಣದ ಕಾವಲಿಯಲ್ಲಿ ಹುರಿದರೆ ಬಾಲವೂ ಗರಿಗರಿ. ನಾರ್ದರ್ನ್ ಪೈಕ್ ಎಂಬ ಮೀನಿನಲ್ಲಿ ಕವಲು ಮುಳ್ಳು ಜಾಸ್ತಿ, ಅದಕ್ಕೇ ಇಲ್ಲಿ ಕೆಲವರು ಬೇಡ ಅನ್ನುತ್ತಾರೆ. ಹೊಳೆಮೀನು ತಿಂದು ಬೆಳೆದ ಅಮ್ಮನಿಗೆ ಅದು ಲೆಕ್ಕವೇ ಅಲ್ಲ. ಊರಿನಿಂದ ತಂದ ಉಪ್ಪಾಗೆ ಹುಳಿ ಹಾಕಿ ಸಾರು ಮಾಡಿದರು, ಜೊತೆಗೆ ಅಕ್ಕಿ ಕಡುಬು.

ಒಂದು ಎಚ್ಚರ. ಬೇರೆ ಮೀನು ತಿಂದು ಬದುಕುವ ದೊಡ್ಡ ಮೀನುಗಳಲ್ಲಿ ಪಾದರಸ ಸೇರಿರುತ್ತದೆ. ಮಕ್ಕಳಿಗೆ ಮತ್ತು ಬಸುರಿಯರಿಗೆ ದೊಡ್ಡ ವಾಲ್‌ಐ, ಪೈಕ್ ಬೇಡ, ಚಿಕ್ಕ ಸನ್‌ಫಿಶ್ ಮಿತವಾಗಿ ಕೊಡಿ. ಯಾವ ಕೆರೆಯ ಮೀನು ಎಷ್ಟು ತಿನ್ನಬಹುದು ಎಂದು ರಾಜ್ಯದ ಆರೋಗ್ಯ ಇಲಾಖೆ ಪಟ್ಟಿ ಕೊಡುತ್ತದೆ.

ಆ ಸಣ್ಣ ಪ್ಲಗ್ ಬಗ್ಗೆ ಎಲ್ಲರೂ ಯಾಕೆ ಅಷ್ಟು ಹೇಳುತ್ತಾರೆ?

ದೋಣಿಯ ಹಿಂಬದಿಯಲ್ಲಿ ನೀರು ಹೊರಬಿಡುವ ತೂತಿಗೆ ಹಾಕುವ ಪ್ಲಗ್ ಅದು. ನೀರಿಗೆ ಇಳಿಸುವ ಮುಂಚೆ ಹಾಕಬೇಕು. ಎರಡನೇ ವರ್ಷ ನಾನು ಮರೆತೆ. ದಡದಿಂದ ಐವತ್ತು ಅಡಿ ಹೋದ ಮೇಲೆ ಮಗಳು "ಅಪ್ಪಾ, ನನ್ನ ಶೂ ತೇಲುತ್ತಿದೆ" ಅಂದಳು. ತಿರುಗಿಸಿಕೊಂಡು ಬಂದೆವು, ಏನೂ ಆಗಲಿಲ್ಲ. ಆದರೆ ಆ ದಿನದಿಂದ ಪ್ಲಗ್ ಅವಳ ಕೈಯಲ್ಲಿರುತ್ತದೆ. ಅವಳು "ಹಾಕಿದೆ" ಅನ್ನುವವರೆಗೆ ಟ್ರೇಲರ್ ಹಿಂದೆ ಹೋಗುವುದಿಲ್ಲ.

ಮೇಲೆ ತೆಗೆದ ಮೇಲೆ ಪ್ಲಗ್ ಬಿಚ್ಚಲೇಬೇಕು, ಬಿಚ್ಚಿಯೇ ರಸ್ತೆಯಲ್ಲಿ ಹೋಗಬೇಕು. ಇದು ಕಾನೂನು. ಕಾರಣ ಝೀಬ್ರಾ ಮಸಲ್ ಎಂಬ ಉಗುರಿನಷ್ಟು ಚಿಕ್ಕ ಚಿಪ್ಪುಜೀವಿ. ಯುರೋಪಿನ ಕಡೆಯಿಂದ ಹಡಗಿನ ನೀರಿನ ಜೊತೆ ಬಂದದ್ದು. 1989ರಲ್ಲಿ ಡುಲೂತ್ ಬಂದರಿನಲ್ಲಿ, 2005ರಲ್ಲಿ ಮಿಲ್ ಲ್ಯಾಕ್ಸ್ ಕೆರೆಯಲ್ಲಿ ಕಂಡಿತು. ಅದರ ಮರಿ ಕಣ್ಣಿಗೆ ಕಾಣುವುದಿಲ್ಲ, ಇನ್ನೊಂದು ಕೆರೆಗೆ ಹರಡಲು ದೋಣಿಯಲ್ಲಿ ಉಳಿದ ಒಂದು ಲೋಟ ನೀರು ಸಾಕು. ಈ ರಾಜ್ಯದಲ್ಲಿ 10 ಎಕರೆಗಿಂತ ದೊಡ್ಡ ಕೆರೆಗಳೇ 11,842 ಇವೆ. ಕಳೆ ಕಿತ್ತು ಹಾಕಿ, ನೀರು ಖಾಲಿ ಮಾಡಿ, ಉಳಿದ ಹುಳುವನ್ನು ಕಸದ ಬುಟ್ಟಿಗೆ ಹಾಕಿ. ಐದು ನಿಮಿಷದ ಕೆಲಸ.

ಟ್ರೇಲರ್ ಹಿಂದಕ್ಕೆ ಹಾಕಲು ಬರುವುದಿಲ್ಲ.

ಸ್ಟಿಯರಿಂಗಿನ ಕೆಳಭಾಗ ಹಿಡಿಯಿರಿ. ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಿ, ನಿಧಾನಕ್ಕೆ. ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಂದು ಗಂಟೆ ಅಭ್ಯಾಸ ಮಾಡಿದರೆ ಬಂದುಬಿಡುತ್ತದೆ. ಚಕ್ರದ ಬೇರಿಂಗಿಗೆ ವರ್ಷಕ್ಕೊಮ್ಮೆ ಗ್ರೀಸ್ ಹಾಕಿ.

ಚಳಿಗಾಲದಲ್ಲಿ ದೋಣಿ ಏನು ಮಾಡುತ್ತೀರಿ?

ಅಕ್ಟೋಬರ್‌ನಲ್ಲಿ ಮೋಟರ್ ಬಿಚ್ಚಿ, ನೇರ ನಿಲ್ಲಿಸಿ, ಒಳಗಿನ ನೀರೆಲ್ಲ ಇಳಿಯಲು ಬಿಡುತ್ತೇನೆ. ಗೇರ್ ಎಣ್ಣೆ ಬದಲಾಯಿಸುತ್ತೇನೆ. ಅದರಲ್ಲಿ ನೀರು ಉಳಿದರೆ ಹೆಪ್ಪುಗಟ್ಟಿ ಕವಚ ಒಡೆಯುತ್ತದೆ. ದೋಣಿಯನ್ನು ಇಬ್ಬರು ಸೇರಿ ಮರದ ದಿಮ್ಮಿಯ ಮೇಲೆ ಬೋರಲು ಹಾಕುತ್ತೇವೆ.

ಮಾರುತ್ತೀರಾ?

ಪ್ರತಿ ಬೇಸಿಗೆಯೂ ಯಾರಾದರೂ ಕೇಳುತ್ತಾರೆ. ಇಲ್ಲ. ಮಗಳಿಗೆ ಹನ್ನೆರಡು ತುಂಬಿತು. ದೋಣಿ ನಡೆಸುವ ಪರ್ಮಿಟ್‌ಗೆ ಆನ್‌ಲೈನ್ ಕೋರ್ಸ್ ಓದುತ್ತಿದ್ದಾಳೆ. ಪ್ಲಗ್ ಹಾಕುವ ಕೆಲಸವನ್ನು ತಮ್ಮನಿಗೆ ಬಿಟ್ಟುಕೊಡುತ್ತಾಳಂತೆ, ಆದರೆ ಅವನು ಅದನ್ನು ಒಂದು ತಿಂಗಳು ಕಳೆಯದೆ ಇಟ್ಟುಕೊಂಡು ತೋರಿಸಬೇಕಂತೆ. ಈಗ ಅದು ಅವನ ಶಾಲೆಯ ಚೀಲದಲ್ಲಿದೆ.